ಎದೆಯೊಳಗೆ ಅಕ್ಕಚ್ಚು: ಚಿರೇಕಲ್ಲು ಕಡಿಯುವವರೊಬ್ಬರ ಪ್ರಕರಣ

ಫೆಬ್ರುವರಿಯ ಕೊನೆಯ ವಾರ ಕಾರವಾರದ ನಮ್ಮ ಹೊರರೋಗಿ ವಿಭಾಗಕ್ಕೆ 41 ವರ್ಷದ ಒಬ್ಬರು ಹೆಂಡತಿಯೊಂದಿಗೆ ಬಂದರು. ಅಂಕೋಲೆಗೂ ಕುಮಟೆಗೂ ನಡುವಿನ ಗುಡ್ಡಗಳಲ್ಲಿ ಹದಿನೈದು ವರ್ಷಗಳಿಂದ ಚಿರೇಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು, ಕಡಿದವರು. ಮೊದಮೊದಲು ಕೈಯಲ್ಲಿ, ಈಚಿನ ಏಳೆಂಟು ವರ್ಷ ಯಂತ್ರದಲ್ಲಿ. ಹೆಂಡತಿಯ ಕೈಯಲ್ಲಿದ್ದ ಬಟ್ಟೆ ಅಂಗಡಿಯ ಚೀಲದಲ್ಲಿ ಒಂದು ವರ್ಷದ ನಾಲ್ಕು ಎಕ್ಸ್‌ರೇಗಳು, ಖಾಲಿಯಾದ ಮಾತ್ರೆ ಪಟ್ಟಿಗಳು, ಮೂರು ಬೇರೆ ಬೇರೆ ಕಡೆಯ ಚೀಟಿಗಳು ಇದ್ದವು. ಬಾಗಿಲಿನಿಂದ ಕುರ್ಚಿಯವರೆಗಿನ ಹತ್ತು ಹೆಜ್ಜೆ ನಡೆದು ಕುಳಿತ ಅವರಿಗೆ ಮಾತು ಹೊರಡಲು ಸ್ವಲ್ಪ ಹೊತ್ತು ಬೇಕಾಯಿತು.

“ದಿಬ್ಬ ಹತ್ತುಕೆ ಆಗುದಿಲ್ಲ ಡಾಕ್ಟ್ರೇ. ಮೊದ್ಲು ಕಲ್ಲು ಹೊತ್ಕಂಡು ಹತ್ತತಿದ್ದೆ. ಈಗ ಬರಿಗೈಲಿ ಹತ್ತುಕೂ ಮೂರು ಸಲ ಕೂರ್ಬೇಕು.”

ಅವರ ಒಪ್ಪಿಗೆ ಪಡೆದು, ಗುರುತು ಹತ್ತುವ ವಿವರಗಳನ್ನು ಬಿಟ್ಟು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಇದು ಅಪರೂಪದ ಕಾಯಿಲೆ, ಹತ್ತು ಲಕ್ಷ ಜನರಲ್ಲಿ ಆರೇಳು ಮಂದಿಗೆ ಮಾತ್ರ ಇರುವಂಥದ್ದು. ಆದರೆ ಅಪರೂಪವೆಂಬ ಕಾರಣಕ್ಕೆ ನಾನಿದನ್ನು ದಾಖಲಿಸುತ್ತಿಲ್ಲ. ಶ್ವಾಸಕೋಶದಲ್ಲಿ ನೆರಳು ಕಂಡೊಡನೆ ಅದು ಸೋಂಕು, ಸೋಂಕಲ್ಲದಿದ್ದರೆ ಉರಿಯೂತ ಎಂದು ತೀರ್ಮಾನಿಸುವ ನಮ್ಮ ಅಭ್ಯಾಸ ಈ ಮನುಷ್ಯನನ್ನು ಒಂದು ವರ್ಷ ಅಲೆಸಿತು. ಅವರ ಎದೆಯಲ್ಲಿ ಇದ್ದದ್ದು ಸೋಂಕೂ ಅಲ್ಲ, ಹೇಳಿಕೊಳ್ಳುವಂಥ ಉರಿಯೂತವೂ ಅಲ್ಲ. ದಿನದಿನವೂ ತೆರವಾಗಬೇಕಾದ ಪ್ರೋಟೀನು ಮತ್ತು ಕೊಬ್ಬು ತೆರವಾಗದೆ ಅಲ್ಲೇ ಕೂಡಿಬಿದ್ದಿದ್ದವು.

ಮೊದಲ ಒಂದು ವರ್ಷ

ಹಿಂದಿನ ವರ್ಷದ ಫೆಬ್ರುವರಿಯಲ್ಲಿ ಒಣಕೆಮ್ಮು ಶುರುವಾಯಿತು. ಜೊತೆಗೆ ಗುಡ್ಡ ಏರುವಾಗ ದಮ್ಮು. ಧೂಳಿನ ಕೆಲಸ, ದಿನಕ್ಕೊಂದು ಕಟ್ಟು ಬೀಡಿಯ ಇಪ್ಪತ್ತು ವರ್ಷದ ಚಟ, ಹೀಗಾಗಿ ಮೊದಲು ನೋಡಿದವರು ಉಬ್ಬಸವೆಂದು ತಿಳಿದು ಇನ್ಹೇಲರ್ ಕೊಟ್ಟರು. ಅದು ತಪ್ಪೆಂದು ನಾನು ಹೇಳಲಾರೆ. ಆ ಹಂತದಲ್ಲಿ ನನ್ನ ಬಳಿ ಬಂದಿದ್ದರೂ ಬಹುಶಃ ಅದನ್ನೇ ಕೊಡುತ್ತಿದ್ದೆ. ಜೂನ್ ಬಂತು, ಮಳೆ ಹಿಡಿಯಿತು, ಪ್ರತಿವರ್ಷದಂತೆ ಕಲ್ಲಿನ ಕ್ವಾರಿ ನಿಂತಿತು. ಧೂಳಿಲ್ಲದ ಮೂರು ತಿಂಗಳು ಮನೆಯಲ್ಲಿದ್ದರೂ ದಮ್ಮು ಇಳಿಯಲಿಲ್ಲ, ಇನ್ನಷ್ಟು ಏರಿತು. ಧೂಳಿಗೆ ಕೆರಳುವ ಉಬ್ಬಸವಾಗಿದ್ದರೆ ಮಳೆಗಾಲದಲ್ಲಿ ಕೊಂಚವಾದರೂ ನೆಮ್ಮದಿ ಸಿಗಬೇಕಿತ್ತು. ಈ ಸಂಗತಿಯನ್ನು ರೋಗಿಯೇ ನನಗೆ ತಾನಾಗಿ ಹೇಳಿದರು. ಹಿಂದಿನ ಚೀಟಿಗಳಲ್ಲಿ ಎಲ್ಲಿಯೂ ಅದು ಬರೆದಿರಲಿಲ್ಲ.

ಸೆಪ್ಟೆಂಬರಿನಲ್ಲಿ ತೆಗೆದ ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶಗಳ ನಡುಭಾಗದಲ್ಲಿ ಮಂಜು ಮುಸುಕಿದಂಥ ನೆರಳು ಕಂಡಿತು. ಕಫದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಎರಡು ಸಲವೂ ಸಿಗಲಿಲ್ಲ, ಅದರ ವಂಶವಾಹಿಯನ್ನು ಹುಡುಕುವ ಸಿಬಿನ್ಯಾಟ್ ಪರೀಕ್ಷೆಯಲ್ಲೂ ಇಲ್ಲವೆಂದೇ ಬಂತು. ಆದರೂ ಎಕ್ಸ್‌ರೇಯ ಆಧಾರದ ಮೇಲೆ ಅಕ್ಟೋಬರಿನಲ್ಲಿ ಆರು ತಿಂಗಳ ಕ್ಷಯದ ಮಾತ್ರೆ ಶುರುವಾಯಿತು. ಕ್ಷಯ ಇಷ್ಟು ಹರಡಿರುವ ದೇಶದಲ್ಲಿ ಕಫದಲ್ಲಿ ಸಿಗದ ಕ್ಷಯಕ್ಕೂ ಮಾತ್ರೆ ಕೊಡಬೇಕಾಗುವ ಸಂದರ್ಭಗಳು ನಿಜವಾಗಿಯೂ ಇವೆ. ಆದರೆ ಇವರಿಗೆ ಜ್ವರವಿರಲಿಲ್ಲ, ರಾತ್ರಿ ಬೆವರು ಇರಲಿಲ್ಲ, ಕಫ ಎಂಬುದೇ ಹೆಚ್ಚಿರಲಿಲ್ಲ. ಎಕ್ಸ್‌ರೇಯಲ್ಲಿ ಕುಳಿಯಾಗಲಿ, ಗಂಟಾಗಲಿ, ಪಕ್ಕೆಯಲ್ಲಿ ನೀರಾಗಲಿ ಕಾಣುತ್ತಿರಲಿಲ್ಲ.

ಮನೆಯಲ್ಲಿ ಮಾತ್ರ ಕ್ಷಯ ಬಂದದ್ದಾಗಿತ್ತು. ಇಬ್ಬರು ಮಕ್ಕಳಿಗೆ ಮುಂಜಾಗ್ರತೆಯ ಮಾತ್ರೆ ಶುರುವಾಗಿತ್ತು. ಹೆಂಡತಿ ಅವರ ಗಂಜಿ ಬಟ್ಟಲನ್ನೂ ನೀರಿನ ಲೋಟವನ್ನೂ ಬೇರೆ ಇಟ್ಟಿದ್ದರು, ಅವರು ಜಗಲಿಯಲ್ಲಿ ಒಬ್ಬರೇ ಮಲಗುತ್ತಿದ್ದರು. ನಾಲ್ಕು ತಿಂಗಳು ಒಂದು ದಿನವೂ ತಪ್ಪದೆ ಮಾತ್ರೆ ನುಂಗಿದ ಮನುಷ್ಯನಿಗೆ ಮೊದಲಿಗಿಂತ ಹೆಚ್ಚು ದಮ್ಮು ಹತ್ತುತ್ತಿತ್ತು. ಜನವರಿಯ ಕೊನೆಗೆ ಇನ್ನೊಂದು ಕಡೆ ತೋರಿಸಿದಾಗ, ಇದು ಶ್ವಾಸಕೋಶದ ಅಂಗಾಂಶಕ್ಕೆ ಬರುವ ಉರಿಯೂತದ ಕಾಯಿಲೆ ಇರಬಹುದೆಂದು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ದಿನಕ್ಕೆ 40 ಮಿಲಿಗ್ರಾಂನಂತೆ ಸೇರಿಸಿದರು. ಮೂರು ವಾರದಲ್ಲಿ ಹಸಿವು ಹೆಚ್ಚಿತು, ಮುಖ ಊದಿತು, ಉಸಿರು ಮಾತ್ರ ಇನ್ನೂ ಕೆಟ್ಟಿತು. ಆ ಸ್ಥಿತಿಯಲ್ಲಿ ಅವರು ನಮ್ಮಲ್ಲಿಗೆ ಬಂದದ್ದು.

ಪರೀಕ್ಷೆಯಲ್ಲಿ ಕಂಡದ್ದು

ಕುಳಿತಾಗ ರಕ್ತದ ಆಮ್ಲಜನಕ ಶೇಕಡಾ 90 ಇತ್ತು. ಮೊಗಸಾಲೆಯಲ್ಲಿ ಆರು ನಿಮಿಷ ನಡೆಸಿದಾಗ ಅವರು 260 ಮೀಟರ್ ನಡೆದರು. ಕೊನೆಗೆ ಆಮ್ಲಜನಕ 81ಕ್ಕೆ ಇಳಿಯಿತು. ಜ್ವರವಿಲ್ಲ, ಉಗುರಿನ ತುದಿ ಉಬ್ಬಿಲ್ಲ, ಹೃದಯದ ಸ್ಕ್ಯಾನ್ ಸರಿಯಾಗಿತ್ತು. ಎದೆಗೆ ಸ್ಟೆತೊಸ್ಕೋಪ್ ಇಟ್ಟಾಗ ತಳಭಾಗದಲ್ಲಿ ಅಲ್ಲಲ್ಲಿ ಸಣ್ಣ ಚಿಟಿಚಿಟಿ ಸದ್ದು ಕೇಳಿಸಿತು, ಅಷ್ಟೇ.

ನನ್ನನ್ನು ತಡೆದು ನಿಲ್ಲಿಸಿದ್ದು ಈ ಹೊಂದಾಣಿಕೆಯಿಲ್ಲದ ಸ್ಥಿತಿ. ಬೆಳಕಿನ ಹಲಗೆಗೆ ನಾಲ್ಕೂ ಎಕ್ಸ್‌ರೇಗಳನ್ನು ತಾರೀಕಿನ ಸಾಲಿನಲ್ಲಿ ಸಿಕ್ಕಿಸಿ ನೋಡಿದರೆ, ಹೃದಯದ ಎರಡೂ ಪಕ್ಕ ಬಾವಲಿಯ ರೆಕ್ಕೆಯಂತೆ ಹರಡಿದ ನೆರಳು ತಿಂಗಳಿಂದ ತಿಂಗಳಿಗೆ ನಿಧಾನವಾಗಿ ದಟ್ಟವಾಗುತ್ತ ಬಂದಿತ್ತು. ಇಷ್ಟು ದೊಡ್ಡ ನೆರಳು ಸೋಂಕಿನದಾಗಿದ್ದರೆ ಮನುಷ್ಯ ಹಾಸಿಗೆ ಹಿಡಿದಿರಬೇಕು, ಹೃದಯ ವೈಫಲ್ಯದ ನೀರಾಗಿದ್ದರೆ ಕಾಲು ಊದಿರಬೇಕು, ತೀವ್ರ ಉರಿಯೂತದ್ದಾಗಿದ್ದರೆ ರಕ್ತದಲ್ಲಿ ಅದರ ಗುರುತಿರಬೇಕು. ಇವರಲ್ಲಿ ಉರಿಯೂತವನ್ನು ತೋರಿಸುವ ರಕ್ತಪರೀಕ್ಷೆಗಳಾದ ಸಿಆರ್‌ಪಿ ಸಹಜ, ಇಎಸ್‌ಆರ್ 18, ಹೆಚ್ಚೇನಲ್ಲ. ಇದ್ದ ಎರಡು ವ್ಯತ್ಯಾಸಗಳೆಂದರೆ, ಎಲ್‌ಡಿಎಚ್ ಎಂಬ ಕಿಣ್ವ 512ಕ್ಕೆ ಏರಿತ್ತು, ಹಿಮೊಗ್ಲೋಬಿನ್ 17.2 ಇತ್ತು. ಬಹಳ ಕಾಲ ಆಮ್ಲಜನಕದ ಕೊರತೆ ಅನುಭವಿಸಿದ ದೇಹ ಕೆಂಪು ರಕ್ತಕಣಗಳನ್ನು ಹೆಚ್ಚು ತಯಾರಿಸಿ ಹೊಂದಿಕೊಳ್ಳುವ ಬಗೆ ಈ ಹಿಮೊಗ್ಲೋಬಿನ್ ಏರಿಕೆ. ನಿತ್ಯ ರಕ್ತಹೀನತೆಯನ್ನೇ ನೋಡುವ ನಮಗೆ, ಕೂಲಿ ಮಾಡುವವರೊಬ್ಬರ ವರದಿಯಲ್ಲಿ 17.2 ಎಂಬ ಅಂಕಿ ಕಂಡರೆ ಸಂತೋಷಪಡುವ ಅಭ್ಯಾಸವಿದೆ. ಹಿಂದಿನ ವರದಿಯೊಂದರಲ್ಲಿ ಅದರ ಪಕ್ಕ ಸರಿ ಎಂಬ ಗುರುತನ್ನೂ ಹಾಕಿದ್ದರು.

ಸಿಟಿ ಸ್ಕ್ಯಾನ್ ಚಿತ್ರ ಬಂದಾಗ ಅನುಮಾನಕ್ಕೆ ಒಂದು ರೂಪ ಸಿಕ್ಕಿತು. ಶ್ವಾಸಕೋಶದ ಉದ್ದಕ್ಕೂ ಮಸುಕಾದ ಬಿಳುಪು, ಆ ಬಿಳುಪಿನೊಳಗೆ ಬಲೆಯಂತೆ ಹೆಣೆದ ಗೆರೆಗಳು. ಪಕ್ಕದಲ್ಲೇ ಕತ್ತರಿಸಿ ಬಿಟ್ಟಂತೆ ಪೂರ್ತಿ ಸಹಜವಾದ ಭಾಗಗಳು. ಆಕಾರ ತಪ್ಪಿದ ಕಲ್ಲುಗಳನ್ನು ಅಂಗಳಕ್ಕೆ ಹಾಸಿ ಸಂದುಗಳಿಗೆ ಸಿಮೆಂಟು ತುಂಬಿದರೆ ಹೇಗೆ ಕಾಣುವುದೋ ಹಾಗೆ. ವಿಕಿರಣ ತಜ್ಞರು ಈ ಚಿತ್ರಕ್ಕೆ ‘ಕ್ರೇಜಿ ಪೇವಿಂಗ್’ ಎನ್ನುತ್ತಾರೆ. ಈ ನೋಟವೊಂದರಿಂದಲೇ ರೋಗ ನಿರ್ಣಯ ಮಾಡುವಂತಿಲ್ಲ. ನ್ಯುಮೋಸಿಸ್ಟಿಸ್ ಎಂಬ ಶಿಲೀಂಧ್ರದ ಸೋಂಕಿನಲ್ಲಿ, ಶ್ವಾಸಕೋಶದ ರಕ್ತಸ್ರಾವದಲ್ಲಿ, ಒಂದು ಬಗೆಯ ಕ್ಯಾನ್ಸರಿನಲ್ಲಿ ಇದು ಬರುತ್ತದೆ. 2020–21ರಲ್ಲಿ ಕೋವಿಡ್ ರೋಗಿಗಳ ಸ್ಕ್ಯಾನುಗಳಲ್ಲಿ ಇದನ್ನು ನಾವೆಲ್ಲ ಸಾಕಷ್ಟು ನೋಡಿದ್ದೇವೆ. ಆದರೆ ಒಂದು ವರ್ಷದಿಂದ, ಜ್ವರವಿಲ್ಲದೆ, ನಡೆದಾಡುವ ಮನುಷ್ಯನಲ್ಲಿ ಈ ಚಿತ್ರ ಕಂಡರೆ ಮೊದಲು ನೆನಪಾಗಬೇಕಾದದ್ದು ಪಲ್ಮನರಿ ಆಲ್ವಿಯೋಲಾರ್ ಪ್ರೋಟಿನೋಸಿಸ್, ಅಂದರೆ ಗಾಳಿಗೂಡುಗಳಲ್ಲಿ ಪ್ರೋಟೀನ್ ತುಂಬಿಕೊಳ್ಳುವ ಕಾಯಿಲೆ.

ಎರಡು ದಿನ ಬಿಟ್ಟು ಬ್ರಾಂಕೋಸ್ಕೋಪಿ, ಅಂದರೆ ಶ್ವಾಸನಾಳದೊಳಗೆ ಕ್ಯಾಮೆರಾದ ಕೊಳವೆ ಇಳಿಸಿ ನೋಡುವ ಪರೀಕ್ಷೆ, ಮಾಡಿದೆವು. ಬಲ ಶ್ವಾಸಕೋಶದ ನಡುಹಾಲೆಗೆ 50 ಮಿಲಿಲೀಟರಿನಂತೆ ಮೂರು ಸಲ ಸಲೈನ್ ಬಿಟ್ಟು ಮರಳಿ ಎಳೆದುಕೊಂಡಾಗ ಸುಮಾರು 80 ಮಿಲಿಲೀಟರ್ ಹಿಂದಕ್ಕೆ ಬಂತು. ಹೋಗುವಾಗ ತಿಳಿನೀರು, ಬರುವಾಗ ಅಕ್ಕಿ ತೊಳೆದ ಅಕ್ಕಚ್ಚಿನಂತೆ ಬೆಳ್ಳಗೆ, ಮೇಲೆ ಸಣ್ಣ ನೊರೆ. ಸೀಸೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಕೈ ತೊಳೆದುಕೊಂಡು ಬರುವಷ್ಟರಲ್ಲಿ ಅದು ಪದರಗಟ್ಟಲು ಶುರುವಾಗಿತ್ತು. ಅರ್ಧ ಗಂಟೆ ಕಳೆದಾಗ ಮೇಲೆ ಮಂಕು ನೀರು, ತಳದಲ್ಲಿ ಬೆರಳಗಲದ ದಪ್ಪನೆಯ ಕೆನೆಬಣ್ಣದ ಗಸಿ ಇತ್ತು. ಬ್ರಾಂಕೋಸ್ಕೋಪಿ ಕೋಣೆಯಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದ ನಮ್ಮ ನರ್ಸ್ ಅಂಥದ್ದನ್ನು ಮೊದಲ ಸಲ ನೋಡಿದರು.

ಆ ದ್ರವವನ್ನು ಸೂಕ್ಷ್ಮದರ್ಶಕದಡಿ ನೋಡಿದ ರೋಗಶಾಸ್ತ್ರಜ್ಞರು ಪಿಎಎಸ್ ಎಂಬ ಬಣ್ಣ ಹಿಡಿದು ಗುಲಾಬಿಯಾಗಿ ಕಾಣುವ, ಕಣಕಣವಾದ ವಸ್ತು ಎಲ್ಲೆಡೆ ಚೆಲ್ಲಿದೆಯೆಂದೂ, ನಡುನಡುವೆ ಹೊಟ್ಟೆ ಉಬ್ಬಿದ, ನೊರೆ ತುಂಬಿದಂಥ, ಮ್ಯಾಕ್ರೋಫೇಜ್ ಎಂಬ ಕಸ ನುಂಗುವ ಜೀವಕೋಶಗಳಿವೆಯೆಂದೂ ವರದಿ ಕೊಟ್ಟರು. ಉರಿಯೂತದಲ್ಲಿ ಕಿಕ್ಕಿರಿದು ಬರುವ ನ್ಯೂಟ್ರೋಫಿಲ್ ಕೋಶಗಳು ಬೆರಳೆಣಿಕೆಯಷ್ಟಿದ್ದವು. ಧ್ರುವೀಕರಿಸಿದ ಬೆಳಕಿನಲ್ಲಿ ಕಲ್ಲಿನ ಧೂಳಿನ ಸಿಲಿಕಾ ಕಣಗಳೂ ಗಮನಾರ್ಹವಾಗಿ ಕಾಣಲಿಲ್ಲ.

ಕೂಡಿಬಿದ್ದದ್ದು ಏನು, ಏಕೆ

ಮನುಷ್ಯನ ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಗಾಳಿಗೂಡುಗಳಿವೆ. ಪ್ರತಿ ಉಸಿರು ಬಿಟ್ಟಾಗಲೂ ಅವು ಒದ್ದೆ ಪ್ಲಾಸ್ಟಿಕ್ ಚೀಲದಂತೆ ಒಳಗಿಂದೊಳಗೇ ಅಂಟಿಕೊಂಡುಬಿಡಬೇಕು. ಹಾಗಾಗದಂತೆ ತಡೆಯುವುದು ಸರ್ಫ್ಯಾಕ್ಟೆಂಟ್ ಎಂಬ ತೆಳುವಾದ ಲೇಪ. ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ಕೊಬ್ಬು, ಹತ್ತು ಪಾಲು ಪ್ರೋಟೀನ್. ಗಾಳಿಗೂಡಿನ ಗೋಡೆಯಲ್ಲಿರುವ ಎರಡನೇ ಬಗೆಯ ಕೋಶಗಳು ಇದನ್ನು ದಿನವಿಡೀ ತಯಾರಿಸಿ ಹೊರಬಿಡುತ್ತವೆ. ಹಳತಾದದ್ದರಲ್ಲಿ ಒಂದು ಪಾಲನ್ನು ಅದೇ ಕೋಶಗಳು ಮತ್ತೆ ಒಳಗೆಳೆದುಕೊಂಡು ಬಳಸುತ್ತವೆ. ಉಳಿದದ್ದನ್ನು ಮ್ಯಾಕ್ರೋಫೇಜುಗಳು ನುಂಗಿ ಕರಗಿಸುತ್ತವೆ. ಅಂಗಳ ಗುಡಿಸುವ ಕೆಲಸದಂತೆ ಇದು ನಡೆಯುತ್ತಿರುವಷ್ಟು ದಿನ ಯಾರ ಕಣ್ಣಿಗೂ ಬೀಳದು.

1958ರಲ್ಲಿ ರೋಸೆನ್, ಕ್ಯಾಸಲ್‌ಮನ್ ಮತ್ತು ಲೀಬೋ ಎಂಬ ಮೂವರು ಅಮೆರಿಕದ ವೈದ್ಯರು 27 ರೋಗಿಗಳನ್ನು ಒಟ್ಟಿಗೆ ವರದಿ ಮಾಡಿ ಈ ಕಾಯಿಲೆಗೆ ಪ್ರೋಟಿನೋಸಿಸ್ ಎಂದು ಹೆಸರಿಟ್ಟರು. ತುಂಬಿಕೊಂಡ ವಸ್ತುವಿನಲ್ಲಿ ಪ್ರೋಟೀನಿಗಿಂತ ಕೊಬ್ಬೇ ಹೆಚ್ಚೆಂಬುದು ಈಗ ಗೊತ್ತಿದ್ದರೂ ಹೆಸರು ಹಾಗೇ ಉಳಿದಿದೆ. ಕಾರಣ ಮಾತ್ರ ಮೂರೂವರೆ ದಶಕ ಗೊತ್ತಾಗಲಿಲ್ಲ. 1994ರಲ್ಲಿ ಜಿಎಂ-ಸಿಎಸ್‌ಎಫ್ ಎಂಬ ಪ್ರೋಟೀನಿನ ವಂಶವಾಹಿಯನ್ನು ತೆಗೆದುಹಾಕಿದ ಇಲಿಗಳನ್ನು ಸಂಶೋಧಕರು ಬೆಳೆಸಿದರು. ರಕ್ತಕಣಗಳ ಉತ್ಪತ್ತಿಗೆ ಅದು ಬೇಕೆಂದು ಅಂದಿನ ತಿಳಿವಳಿಕೆ. ಇಲಿಗಳ ರಕ್ತಕ್ಕೆ ಹೆಚ್ಚೇನೂ ಆಗಲಿಲ್ಲ. ಆದರೆ ಅವುಗಳ ಶ್ವಾಸಕೋಶಗಳಲ್ಲಿ ಸರ್ಫ್ಯಾಕ್ಟೆಂಟ್ ತುಂಬಿಕೊಂಡಿತು. ಮ್ಯಾಕ್ರೋಫೇಜು ಬಲಿತು, ನುಂಗಿದ ಕೊಬ್ಬನ್ನು ಸಂಭಾಳಿಸಿ ಹೊರಹಾಕುವ ಶಕ್ತಿ ಪಡೆಯಲು ಜಿಎಂ-ಸಿಎಸ್‌ಎಫ್‌ನ ಸಂಕೇತ ಬೇಕೇ ಬೇಕೆಂದು ಹೀಗೆ ತಿಳಿಯಿತು. 1999ರಲ್ಲಿ ಜಪಾನಿನ ಸಂಶೋಧಕರು ಈ ಕಾಯಿಲೆಯ ರೋಗಿಗಳ ದೇಹದಲ್ಲಿ ಇದೇ ಜಿಎಂ-ಸಿಎಸ್‌ಎಫ್ ಅನ್ನು ಹಿಡಿದು ನಿಷ್ಫಲಗೊಳಿಸುವ ಪ್ರತಿಕಾಯಗಳನ್ನು ತೋರಿಸಿಕೊಟ್ಟರು. ದೊಡ್ಡವರಲ್ಲಿ ಬರುವ ಈ ಕಾಯಿಲೆಯ ಸುಮಾರು ಶೇಕಡಾ 90 ಪ್ರಕರಣಗಳು ಈ ಬಗೆಯವು.

ನಮ್ಮ ರೋಗಿಯ ರಕ್ತವನ್ನು ಈ ಪ್ರತಿಕಾಯದ ಪರೀಕ್ಷೆಗೆ ಹೊರರಾಜ್ಯದ ಪ್ರಯೋಗಾಲಯಕ್ಕೆ ಕಳಿಸಿದೆವು. ಫಲಿತಾಂಶಕ್ಕೆ ಹದಿನೆಂಟು ದಿನ ಕಾದೆವು. ಪ್ರತಿಕಾಯ ಸ್ಪಷ್ಟವಾಗಿ ಹೆಚ್ಚಿತ್ತು.

ಈ ಫಲಿತಾಂಶ ಬರುವವರೆಗೆ ನನ್ನ ಮನಸ್ಸಿನಲ್ಲಿ ಎದ್ದಿದ್ದ ದೊಡ್ಡ ಪ್ರಶ್ನೆ ಧೂಳಿನದು. ಅತಿಯಾದ ಸಿಲಿಕಾ ಧೂಳನ್ನು ಕೆಲವೇ ತಿಂಗಳು ಅಥವಾ ಒಂದೆರಡು ವರ್ಷ ಸೇವಿಸಿದವರಲ್ಲಿ ಗಾಳಿಗೂಡುಗಳು ಇದೇ ರೀತಿ ತುಂಬಿಕೊಂಡು, ಬೇಗನೆ ಪ್ರಾಣಕ್ಕೆ ಎರವಾಗುವ ಸಿಲಿಕೋಸಿಸ್‌ನ ಒಂದು ಉಗ್ರ ರೂಪವಿದೆ. ಚಿರೇಕಲ್ಲು ಬಹುಪಾಲು ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳಿಂದ ಆದದ್ದು, ಗ್ರಾನೈಟಿನಷ್ಟು ಸಿಲಿಕಾ ಅದರಲ್ಲಿರುವುದಿಲ್ಲ. ಹಾಗೆಂದು ಇಲ್ಲವೇ ಇಲ್ಲವೆಂದು ಹೇಳುವಂತೆಯೂ ಇಲ್ಲ. ಕೈಯಲ್ಲಿ ಕಡಿಯುತ್ತಿದ್ದ ಕಾಲಕ್ಕೂ ಗರಗಸದ ಚಕ್ರ ತಿರುಗುವ ಈಗಿನ ಕಾಲಕ್ಕೂ ಧೂಳಿನಲ್ಲಿ ಅಜಗಜಾಂತರವಿದೆ. ಮುಖಕ್ಕೆ ಒಂದು ಟವಲ್ ಸುತ್ತಿಕೊಂಡು ಕೆಂಪು ಮೋಡದೊಳಗೆ ನಿಂತು ಕೆಲಸ ಮಾಡುವವರನ್ನು ನಮ್ಮ ಕರಾವಳಿಯ ಯಾವ ಗುಡ್ಡದಲ್ಲೂ ನೋಡಬಹುದು. ಆದ್ದರಿಂದ ಧೂಳನ್ನು ನಾನು ಸುಲಭವಾಗಿ ಬಿಡಲು ಸಿದ್ಧನಿರಲಿಲ್ಲ. ಸಿಲಿಕಾ ಕಣಗಳು ಕಾಣದಿದ್ದುದು, ಸಿಟಿಯಲ್ಲಿ ಸಿಲಿಕೋಸಿಸ್‌ನ ಗಂಟುಗಳಾಗಲಿ ಸುಣ್ಣಗಟ್ಟಿದ ಗ್ರಂಥಿಗಳಾಗಲಿ ಇಲ್ಲದಿದ್ದುದು, ಕೊನೆಗೆ ಪ್ರತಿಕಾಯ ಸಿಕ್ಕಿದ್ದು, ಇವು ಮೂರೂ ಸೇರಿ ಇದು ದೇಹದ ಸ್ವರಕ್ಷಣಾ ವ್ಯವಸ್ಥೆ ತಿರುಗಿಬಿದ್ದು ಬಂದ ಬಗೆಯೆಂದು ನಿಶ್ಚಯಿಸಲು ಸಾಧ್ಯವಾಯಿತು. ಆದರೂ 2008ರಲ್ಲಿ ಪ್ರಕಟವಾದ ಜಪಾನಿನ ದೊಡ್ಡ ಅಧ್ಯಯನದಲ್ಲಿ ಈ ಬಗೆಯ ರೋಗಿಗಳಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಧೂಮಪಾನಿಗಳು, ಸುಮಾರು ಕಾಲುಪಾಲು ಮಂದಿ ಧೂಳಿನಲ್ಲಿ ದುಡಿದವರು. ಬೀಡಿ ಮತ್ತು ಕ್ವಾರಿ ಎರಡನ್ನೂ ಬಿಡಬೇಕೆಂದು ನಾನು ಅವರಿಗೆ ಹೇಳಿದ್ದು ಈ ಕಾರಣದಿಂದ.

ಇಲ್ಲಿ ಒಂದು ವ್ಯತ್ಯಾಸವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಕಿರಿಯ ವೈದ್ಯರು ಇದನ್ನು ನನ್ನಲ್ಲಿ ಆಗಾಗ ಕೇಳುತ್ತಾರೆ. ಶ್ವಾಸಕೋಶದಲ್ಲಿ ಪ್ರೋಟೀನ್ ಶೇಖರವಾಗುವುದು ಒಂದೇ ರೀತಿಯಲ್ಲ. ಬೀಡಿ ಸಿಗರೇಟಿನ ಹೊಗೆಯಿಂದ ಬರುವ ದೀರ್ಘಕಾಲದ ಶ್ವಾಸನಾಳ ಕಾಯಿಲೆಯಲ್ಲಿ ಕೋಶದ ಒಳಗೇ ಮಡಿಕೆ ತಪ್ಪಿದ ಪ್ರೋಟೀನುಗಳು ಗುಪ್ಪೆಗೂಡುತ್ತವೆ. ಸಾಮಾನ್ಯವಾಗಿ ಇಂಥ ಕೆಟ್ಟ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ ಗುರುತುಚೀಟಿ ಅಂಟಿ, ಪ್ರೋಟಿಯಾಸೋಮ್ ಎಂಬ ಯಂತ್ರದಲ್ಲಿ ಅದು ನುಣ್ಣಗಾಗಬೇಕು; ಈ ವ್ಯವಸ್ಥೆಯನ್ನು ಕಂಡುಹಿಡಿದವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಹೊಗೆಯಲ್ಲಿರುವ ರಾಸಾಯನಿಕಗಳು ಪ್ರೋಟೀನುಗಳನ್ನು ಕೆಡಿಸುತ್ತವೆ, ಜೊತೆಗೆ ಈ ವಿಲೇವಾರಿಯನ್ನೂ ಕುಂಠಿತಗೊಳಿಸುತ್ತವೆ. ಆಗ ಚೀಟಿ ಅಂಟಿದ ಪ್ರೋಟೀನುಗಳು ಕೋಶಕೇಂದ್ರದ ಪಕ್ಕ ಅಗ್ರಿಸೋಮ್ ಎಂಬ ಗುಡ್ಡೆಯಾಗುತ್ತವೆ. ಕೋಶ ನರಳುತ್ತದೆ, ಉರಿಯೂತ ಬೆಳೆಯುತ್ತದೆ. ಸರ್ಫ್ಯಾಕ್ಟೆಂಟ್ ಪ್ರೋಟೀನ್ ಸಿ ಯ ವಂಶವಾಹಿ ಕೆಟ್ಟಿರುವ ಕೆಲವು ಕುಟುಂಬಗಳಲ್ಲಿ ಎರಡನೇ ಬಗೆಯ ಕೋಶಗಳ ಒಳಗೆ ಆ ಪ್ರೋಟೀನ್ ಸಿಕ್ಕಿಕೊಂಡು, ಕೋಶ ಸತ್ತು, ಶ್ವಾಸಕೋಶ ನಾರುಗಟ್ಟುವುದೂ ಇದೆ.

ನಮ್ಮ ರೋಗಿಯಲ್ಲಿ ಪ್ರೋಟೀನ್ ಸರಿಯಾಗಿಯೇ ಮಡಚಿತ್ತು, ತಯಾರಿಕೆಯೂ ಸರಿಯಾಗಿತ್ತು. ಕೆಟ್ಟದ್ದು ತೆರವುಗೊಳಿಸುವ ಮ್ಯಾಕ್ರೋಫೇಜು. ಅದು ನುಂಗುತ್ತದೆ, ಕರಗಿಸಲಾರದು. ತುಂಬಿ ಉಬ್ಬುತ್ತದೆ, ಒಡೆಯುತ್ತದೆ, ಒಳಗಿದ್ದದ್ದನ್ನೆಲ್ಲ ಮತ್ತೆ ಗಾಳಿಗೂಡಿಗೇ ಸುರಿಯುತ್ತದೆ. ಗಾಳಿಗೂಡಿನ ಗೋಡೆ ಮಾತ್ರ ಬಹುಮಟ್ಟಿಗೆ ಹಾಗೇ ಉಳಿದಿರುತ್ತದೆ. ಈ ಕಾಯಿಲೆಯಲ್ಲಿ ಆಸೆ ಇಟ್ಟುಕೊಳ್ಳಲು ಇರುವ ದೊಡ್ಡ ಕಾರಣವೂ ಇದೇ. ತುಂಬಿದ್ದನ್ನು ತೆಗೆದರೆ ಕೆಳಗೆ ಕೆಲಸ ಮಾಡಬಲ್ಲ ಶ್ವಾಸಕೋಶವಿದೆ. ಸ್ಟೀರಾಯ್ಡ್ ಇಲ್ಲಿ ಏಕೆ ಕೆಲಸ ಮಾಡಲಿಲ್ಲ ಎಂಬುದಕ್ಕೂ ಉತ್ತರ ಇದರಲ್ಲೇ ಇದೆ. ಆರಿಸಲು ಅಲ್ಲಿ ಬೆಂಕಿಯೇ ಇರಲಿಲ್ಲ. ಮೊದಲೇ ಸೋತಿದ್ದ ಮ್ಯಾಕ್ರೋಫೇಜನ್ನು ಆ ಮಾತ್ರೆ ಇನ್ನಷ್ಟು ಸೋಲಿಸಿತು. ಈ ರೋಗಿಗಳಿಗೆ ನೊಕಾರ್ಡಿಯಾ ಎಂಬ ಬ್ಯಾಕ್ಟೀರಿಯಾ, ಶಿಲೀಂಧ್ರ, ಕ್ಷಯ ಇವೆಲ್ಲ ಸುಲಭವಾಗಿ ತಗಲುವ ಅಪಾಯ ಮೊದಲೇ ಇರುವಾಗ ಸ್ಟೀರಾಯ್ಡ್ ಆ ಅಪಾಯವನ್ನು ಹೆಚ್ಚಿಸುತ್ತದೆ. ನಾವು ಅದನ್ನು ಎರಡು ವಾರಗಳಲ್ಲಿ ಹಂತಹಂತವಾಗಿ ಇಳಿಸಿ ನಿಲ್ಲಿಸಿದೆವು.

ಕ್ಷಯದ ಮಾತ್ರೆಯ ವಿಷಯದಲ್ಲಿ ಅಷ್ಟು ಧೈರ್ಯ ನನಗೆ ಬರಲಿಲ್ಲ. ಪ್ರೋಟಿನೋಸಿಸ್ ಇದೆಯೆಂದರೆ ಕ್ಷಯವಿಲ್ಲ ಎಂದಾಗುವುದಿಲ್ಲ, ಎರಡೂ ಜೊತೆಯಲ್ಲಿರಬಹುದು. ಅದರಲ್ಲೂ ಮೂರು ವಾರ ಸ್ಟೀರಾಯ್ಡ್ ನುಂಗಿದವರಲ್ಲಿ. ತೊಳೆದು ತೆಗೆದ ದ್ರವದಲ್ಲಿ ಸಿಬಿನ್ಯಾಟ್ ಇಲ್ಲವೆಂದು ಬಂದರೂ, ದ್ರವ ಮಾಧ್ಯಮದ ಕಲ್ಚರ್ ಪರೀಕ್ಷೆಯ 42 ದಿನ ಮುಗಿಯುವವರೆಗೆ ಮಾತ್ರೆ ಮುಂದುವರಿಸಿದೆವು. ಅದರಲ್ಲೂ ಏನೂ ಬೆಳೆಯಲಿಲ್ಲ. ಅಷ್ಟರಲ್ಲಿ ಆರು ತಿಂಗಳ ಕೋರ್ಸೇ ಮುಗಿದಿತ್ತು. ಮೊದಲೇ ನಿಲ್ಲಿಸಬಹುದಿತ್ತೇ ಎಂದು ಈಗಲೂ ಯೋಚಿಸುತ್ತೇನೆ. ಅದೇ ಸ್ಥಿತಿಯಲ್ಲಿ ಇನ್ನೊಬ್ಬರು ಬಂದರೆ ಬಹುಶಃ ಮತ್ತೆ ಹಾಗೇ ಮಾಡುತ್ತೇನೆ. ಕಲ್ಚರ್ ವರದಿ ಬಂದ ದಿನವೇ ರೋಗನಿರ್ಣಯ ಬದಲಾದುದನ್ನು ಕ್ಷಯ ಘಟಕಕ್ಕೆ ಬರೆದು ತಿಳಿಸಿದೆ. ಹೆಂಡತಿಯನ್ನು ಕೂರಿಸಿಕೊಂಡು, ಇದು ಯಾರಿಂದಲೂ ಯಾರಿಗೂ ಹರಡುವ ಕಾಯಿಲೆಯಲ್ಲ, ಬಟ್ಟಲು ಬೇರೆ ಇಡಬೇಕಾಗಿಲ್ಲ ಎಂದು ಹೇಳಿದೆ. ಅವರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ತೊಳೆದದ್ದು

ಈ ಕಾಯಿಲೆಗೆ ಇಂದಿಗೂ ಮುಖ್ಯ ಚಿಕಿತ್ಸೆ ಶ್ವಾಸಕೋಶವನ್ನು ಅಕ್ಷರಶಃ ತೊಳೆಯುವುದು. 1960ರ ದಶಕದಲ್ಲಿ ರಾಮಿರೆಸ್ ಎಂಬ ವೈದ್ಯರು ಇದನ್ನು ಶುರುಮಾಡಿದರು. ಪೂರ್ತಿ ಅರಿವಳಿಕೆ ಕೊಟ್ಟು, ಎರಡು ದಾರಿಯ ಕೊಳವೆಯನ್ನು ಶ್ವಾಸನಾಳಕ್ಕಿಳಿಸಿ, ಒಂದು ಶ್ವಾಸಕೋಶಕ್ಕೆ ವೆಂಟಿಲೇಟರಿನಿಂದ ಉಸಿರು ಕೊಡುತ್ತ, ಇನ್ನೊಂದಕ್ಕೆ ಮೈಬಿಸಿಯಷ್ಟು ಬೆಚ್ಚಗಿನ ಸಲೈನ್ ತುಂಬಿ ಇಳಿಸುವುದು. ಇಳಿದ ನೀರು ತಿಳಿಯಾಗುವವರೆಗೆ ಇದನ್ನೇ ಮತ್ತೆ ಮತ್ತೆ ಮಾಡುವುದು. ಇದಕ್ಕೆ ಬೇಕಾದ ಅರಿವಳಿಕೆ ತಂಡ ನಮ್ಮ ಜಿಲ್ಲೆಯಲ್ಲಿ ನಮಗೆ ಒದಗಲಿಲ್ಲ. ಕಾರವಾರದವರು ಗೋವೆಗೋ ಮಂಗಳೂರು ಮಣಿಪಾಲದ ಕಡೆಗೋ, ಶಿರಸಿಯವರು ಹುಬ್ಬಳ್ಳಿಗೋ ಹೋಗುವುದು ಇಲ್ಲಿಯ ಪ್ರತಿ ಮನೆಗೂ ಗೊತ್ತಿರುವ ದಾರಿ. ಏದುಸಿರಿನ ರೋಗಿಯನ್ನು ಆಂಬುಲೆನ್ಸಿನಲ್ಲಿ ನೂರಾರು ಕಿಲೋಮೀಟರ್ ಸಾಗಿಸುವುದು ಎಷ್ಟು ಕಷ್ಟವೆಂದು ನಮ್ಮ ಜನ ಅನುಭವದಿಂದ ಬಲ್ಲರು. ಒಂದು ಸುಸಜ್ಜಿತ ದೊಡ್ಡ ಆಸ್ಪತ್ರೆಗಾಗಿ ಇಲ್ಲಿಯವರು ಎತ್ತುತ್ತಿರುವ ದನಿಗೆ ನನ್ನ ದನಿಯನ್ನೂ ಸೇರಿಸುತ್ತೇನೆ.

ದಕ್ಷಿಣದ ಆಸ್ಪತ್ರೆಯೊಂದು ಒಪ್ಪಿಕೊಂಡಿತು. ಏಪ್ರಿಲ್ ಮೊದಲ ವಾರ ಎಡ ಶ್ವಾಸಕೋಶವನ್ನು ತೊಳೆದ ದಿನ ನಾನೂ ಅಲ್ಲಿದ್ದೆ. ಸಲ ಸಲಕ್ಕೆ ಅರ್ಧದಿಂದ ಒಂದು ಲೀಟರ್ ಬಿಡುವುದು, ಎದೆಯ ಪಕ್ಕವನ್ನು ಯಂತ್ರದಿಂದ ತಟ್ಟುವುದು, ಇಳಿಸುವುದು. ಅಲ್ಲಿಯ ಅರಿವಳಿಕೆ ತಜ್ಞೆ ಒಂದು ವಿಚಿತ್ರವನ್ನು ತೋರಿಸಿದರು. ನೀರು ತುಂಬುವಾಗ ರೋಗಿಯ ಆಮ್ಲಜನಕ ಏರುತ್ತಿತ್ತು, ಇಳಿಸುವಾಗ ಕುಸಿಯುತ್ತಿತ್ತು. ತುಂಬಿದ ನೀರಿನ ಒತ್ತಡ ಆ ಕಡೆಯ ರಕ್ತನಾಳಗಳನ್ನು ಅದುಮಿ ರಕ್ತವನ್ನು ಗಾಳಿಯಾಡುವ ಇನ್ನೊಂದು ಶ್ವಾಸಕೋಶದ ಕಡೆ ತಿರುಗಿಸುತ್ತದೆ. ನೀರು ಇಳಿದೊಡನೆ ರಕ್ತ ಮತ್ತೆ ಗಾಳಿಯಿಲ್ಲದ ಕಡೆಗೆ ಹರಿಯುತ್ತದೆ. ಅಪಾಯವಿರುವುದು ಇಳಿಸುವ ಆ ಕೆಲವು ನಿಮಿಷಗಳಲ್ಲಿ. ಅವರ ಕಣ್ಣು ಮೂರೂವರೆ ಗಂಟೆ ಮಾನಿಟರಿನಿಂದ ಕದಲಲಿಲ್ಲ.

ಒಟ್ಟು 14 ಲೀಟರ್ ಬಳಸಿದೆವು. ಇಳಿದ ನೀರಿನ ಸೀಸೆಗಳನ್ನು ಕ್ರಮವಾಗಿ ಗೋಡೆಯ ಬದಿಗೆ ಜೋಡಿಸಿಟ್ಟಿದ್ದರು. ಮಾರನೆಯ ದಿನ ಅದರ ಫೋಟೋವನ್ನು ಹೆಂಡತಿಗೆ ತೋರಿಸಿದೆ. ಮೊದಲಿನವು ಗಟ್ಟಿ ಬಿಳಿ, ನಡುವಿನವು ಮಂಕು, ಕೊನೆಯವು ಹೆಚ್ಚುಕಡಿಮೆ ತಿಳಿ. ಅವರು ಫೋನನ್ನು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

“ಕಾಯಿಹಾಲು ಹಿಂಡದಂಗೇ ಅದೆ. ಮೊದ್ಲ ಹಾಲು, ಎರಡ್ನೇ ಹಾಲು, ಮೂರ್ನೇ ಹಾಲು. ಇಷ್ಟೆಲ್ಲ ಇಟ್ಕಂಡು ಕಲ್ಲು ಹೊತ್ರಾ ಇವ್ರು?”

ಮೂರು ವಾರಗಳ ನಂತರ ಬಲ ಶ್ವಾಸಕೋಶವನ್ನೂ ತೊಳೆದರು. ಒಂದು ದಿನ ಸಣ್ಣ ಜ್ವರ ಬಂದು ಹೋದದ್ದು ಬಿಟ್ಟರೆ ತೊಂದರೆಯಾಗಲಿಲ್ಲ. ಜೂನಿನ ಹೊತ್ತಿಗೆ ಕುಳಿತಾಗಿನ ಆಮ್ಲಜನಕ 96, ಆರು ನಿಮಿಷ ನಡೆದ ಮೇಲೆ 92. ನಡೆದ ದೂರ 430 ಮೀಟರ್. ಜಿಎಂ-ಸಿಎಸ್‌ಎಫ್ ಅನ್ನೇ ಉಸಿರಿನ ಮೂಲಕ ಕೊಡುವ ಚಿಕಿತ್ಸೆ 2019 ಮತ್ತು 2020ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಆಮ್ಲಜನಕದ ವಿನಿಮಯವನ್ನು ಸುಧಾರಿಸಿದೆ. ಮೂಲ ಕೊರತೆಯನ್ನೇ ತುಂಬುವ ಮದ್ದು ಅದು. ಈ ಕುಟುಂಬಕ್ಕೆ ಕೈಗೆಟುಕುವ ಬೆಲೆಯಲ್ಲಿ ಅದನ್ನು ಕೊಡಿಸಲು ನನ್ನಿಂದಾಗಲಿಲ್ಲ, ಆ ನೋವು ನನಗಿದೆ.

ಮುಂದಿನ ಫೆಬ್ರುವರಿಯಲ್ಲಿ, ಮೊದಲ ಭೇಟಿಗೆ ಸರಿಯಾಗಿ ಒಂದು ವರ್ಷಕ್ಕೆ ಅವರು ಮತ್ತೆ ಬಂದಾಗ ಬೀಡಿ ಬಿಟ್ಟು ಹತ್ತು ತಿಂಗಳಾಗಿತ್ತು. ಕ್ವಾರಿ ಬಿಟ್ಟು ತಮ್ಮನ ಜೊತೆ ಗದ್ದೆಯಲ್ಲಿ ಶೇಂಗಾ ಹಾಕಿದ್ದರು. ದಿಬ್ಬದ ಬಗ್ಗೆ ಕೇಳಿದೆ. ಒಂದೇ ಉಸಿರಿಗೆ ಹತ್ತುತ್ತೇನೆ, ಮೇಲೆ ಹೋಗಿ ಒಂದು ಸಲ ನಿಲ್ಲುತ್ತೇನೆ ಎಂದರು. ಈ ಕಾಯಿಲೆಯ ಏರಿಳಿತವನ್ನು ತೋರಿಸುವ ಎಲ್‌ಡಿಎಚ್ ಬೇಸಿಗೆಯಲ್ಲಿ 260ಕ್ಕೆ ಇಳಿದಿದ್ದದ್ದು ಈಗ 310 ಇದೆ. ತೊಳೆಯುವುದರಿಂದ ಪ್ರತಿಕಾಯ ಹೋಗುವುದಿಲ್ಲವಾದ್ದರಿಂದ ಕೆಲವರಿಗೆ ಒಂದೆರಡು ವರ್ಷಗಳಲ್ಲಿ ಮತ್ತೆ ತೊಳೆಯಬೇಕಾಗುತ್ತದೆಂದು ಅವರಿಗೆ ಮುಚ್ಚಿಡದೆ ಹೇಳಿದೆ. ಮೂರು ತಿಂಗಳಿಗೊಮ್ಮೆ ನಡಿಗೆ ಪರೀಕ್ಷೆ ಮತ್ತು ಎಲ್‌ಡಿಎಚ್. ಮಳೆಗಾಲಕ್ಕೆ ಮುಂಚೆ ಇನ್ನೊಂದು ಸಿಟಿ. ನಡುವೆ ಜ್ವರ ಬಂದರೆ, ಕಫಕ್ಕೆ ಬಣ್ಣ ಬಂದರೆ ಅಂಗಡಿಯ ಮಾತ್ರೆ ತೆಗೆದುಕೊಳ್ಳದೆ ಅದೇ ದಿನ ಬರಬೇಕು. ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಕಾಯಿಲೆಯ ಹೆಸರು ಮತ್ತು “ಸ್ಟೀರಾಯ್ಡ್ ಕೊಡುವ ಮುನ್ನ ನಮಗೆ ಫೋನ್ ಮಾಡಿ” ಎಂಬ ಸಾಲನ್ನು ಮೇಲ್ಗಡೆ ದಪ್ಪಕ್ಷರದಲ್ಲಿ ಸೇರಿಸಿ ಕೊಟ್ಟೆ. ಹೆಂಡತಿ ಅದನ್ನು ಮಡಚಿ ಎಕ್ಸ್‌ರೇಗಳಿದ್ದ ಅದೇ ಚೀಲದೊಳಗೆ ಇಟ್ಟುಕೊಂಡರು.